ವೇಗಕ್ಕಾಗಿ ಸಾಟಾ ಬೇಕಿಲ್ಲ

ಡಿವಿಡಿ ಡ್ರೈವನ್ನು ಕಂಪ್ಯೂಟರಿನ ಮದರ್‌ಬೋರ್ಡಿಗೆ ಜೋಡಿಸುವ ಬಗೆ ಎರಡು: ಹಳೇ ಐಡಿಇ, ಹೊಸ ಸಾಟಾ. ಐಡಿಇ ಬಿಟ್ಟು ಸಾಟಾ ಡಿವಿಡಿ ಡ್ರೈವ್ ಹಾಕಿದರೆ ವೇಗ ಹೆಚ್ಚುತ್ತದೆ ಎಂದು ಲೇಖನವೊಂದು ಹೇಳುತ್ತದೆ; ಆ ಮಾತು ಸರಿಯಲ್ಲ. 16ಎಕ್ಸ್ ಡಿವಿಡಿ ಓದುವುದೇ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 22 ಎಂಬಿ. ಐಡಿಇಯ ಹಳೇ ಎಟಿಎ-33 ಮಟ್ಟ ಕೂಡ 33 ಎಂಬಿ ಸಾಗಿಸುತ್ತದೆ. ಸಾಟಾ ಆರಿಸಲು ಕಾರಣ ಬೇರೆ: ಒಂದೇ ಕೇಬಲ್ಲಿನ ಎರಡು ಡ್ರೈವ್‌ಗಳಲ್ಲಿ ಯಾವುದು ಮೊದಲನೆಯದು ಎಂದು ಪಿನ್ ಸಿಕ್ಕಿಸಿ ಹೇಳುವ ಮಾಸ್ಟರ್-ಸ್ಲೇವ್ ಜಂಪರ್ ರಗಳೆ ಇಲ್ಲ, ಈಗಿನ ಮದರ್‌ಬೋರ್ಡುಗಳಲ್ಲಿ 40 ಪಿನ್ನಿನ ಐಡಿಇ ಸಾಕೆಟ್ಟೂ ಬರುವುದಿಲ್ಲ. ಬ್ಲೂ-ರೇ ಆದರೆ ಲೆಕ್ಕ ಬದಲಾಗುತ್ತದೆ. 12ಎಕ್ಸ್‌ಗೆ ಸೆಕೆಂಡಿಗೆ 54 ಎಂಬಿ, ಹೊರಗಿನ ಡ್ರೈವ್ ಚುಚ್ಚುವ ಯುಎಸ್‌ಬಿ 2.0ಗೆ ನಿಜ ಬಳಕೆಯಲ್ಲಿ ಅದು ಎಟುಕದು.

ಸ್ಟುಡಿಯೊದವರು ಮದುವೆ ಡಿವಿಡಿ ಬರೆಯುವುದಾದರೆ ಡೆಸ್ಕ್‌ಟಾಪ್ ಒಳಗಿನ ಸಾಟಾ ಡ್ರೈವನ್ನೇ ಇಟ್ಟುಕೊಳ್ಳಿ. ಯುಎಸ್‌ಬಿಗೆ ಚುಚ್ಚುವ ಹೊರಗಿನ ತೆಳು ಡಿವಿಡಿ ಡ್ರೈವಿನ ತೊಂದರೆ ವೇಗದ್ದಲ್ಲ, ಕರೆಂಟಿನದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್ ಮಾತ್ರ. ಡಿಸ್ಕ್ ತಿರುಗಲು ಶುರುವಾದಾಗ, ಬರೆಯುವಾಗ ಎಷ್ಟೋ ಡ್ರೈವ್‌ಗಳಿಗೆ ಅದಕ್ಕಿಂತ ಹೆಚ್ಚು ಬೇಕು. ಸಾಲದಿದ್ದರೆ ಟಕ್ ಟಕ್ ಎಂದು ಡ್ರೈವ್ ಮಾಯ, ಅರ್ಧ ಬರೆದ ಡಿಸ್ಕ್ ಕಸದಬುಟ್ಟಿಗೆ. ಹಬ್ ಬೇಡ, ಕ್ಯಾಬಿನೆಟ್ಟಿನ ಮುಂದಿನ ಪೋರ್ಟೂ ಬೇಡ. ಹಿಂದೆ ಮದರ್‌ಬೋರ್ಡಿಗೇ ನೇರ ಚುಚ್ಚಿ, ಇಲ್ಲವೇ ಎರಡು ಪ್ಲಗ್ಗಿನ ವೈ ಕೇಬಲ್ ತನ್ನಿ.

ಇನ್ನೊಂದು: ಲ್ಯಾಪ್‌ಟಾಪಿನಿಂದ ಬಿಚ್ಚಿದ ಸಾಟಾ ಡ್ರೈವಿನ ಪವರ್ ಭಾಗಕ್ಕೆ ಡೆಸ್ಕ್‌ಟಾಪಿನದರಂತೆ 15 ಅಲ್ಲ, 6 ಪಿನ್. ಬರೀ 5 ವೋಲ್ಟ್. ತೆಳು ಡ್ರೈವಿಗೆಂದೇ ಇರುವ ಸ್ಲಿಮ್‌ಲೈನ್ ಅಡಾಪ್ಟರ್ ಇಲ್ಲದೆ ಡೆಸ್ಕ್‌ಟಾಪ್ ಕೇಬಲ್ ಒತ್ತಿ ತುರುಕಬೇಡಿ.