ಟೈನಲ್ಲಿ ಮೈಕು, ಗಂಟಲಿಗೆ ಬೀಗ

ಲಂಡನ್ನಿನ ಕಾವೆಂಟ್ ಗಾರ್ಡನ್ ಬೀದಿಯಲ್ಲಿ ಹೂ ಮಾರುವ ಹುಡುಗಿ ಎಲೈಜಾ. ಅವಳ ಒರಟು ಇಂಗ್ಲಿಷ್ ಕೇಳಿ ಮುಖ ಸಿಂಡರಿಸುವ ಭಾಷಾ ಪಂಡಿತ ಹಿಗ್ಗಿನ್ಸ್. 'ಆರು ತಿಂಗಳಲ್ಲಿ ಇವಳನ್ನು ದೊಡ್ಡಮನೆ ಹೆಂಗಸಿನ ಹಾಗೆ ಮಾತಾಡಿಸ್ತೀನಿ' ಅಂತ ಅವನ ಪಂಥ. ನಿನ್ನ ದನಿ ಸರಿಯಿಲ್ಲ, ಬೇರೆ ದನಿ ಹಾಕಿಕೋ ಅನ್ನುವ ಗಂಡಸಿನ ಸೊಕ್ಕನ್ನು ಬರ್ನಾರ್ಡ್ ಷಾ 'ಪಿಗ್ಮೇಲಿಯನ್' ನಾಟಕದಲ್ಲಿ ಚೆನ್ನಾಗಿಯೇ ಗೇಲಿ ಮಾಡಿದ್ದರು. 1956ರಲ್ಲಿ ನ್ಯೂಯಾರ್ಕಿನ ನಾಟಕ ಬೀದಿ ಬ್ರಾಡ್‌ವೇನಲ್ಲಿ ಅದೇ ಕಥೆ ಹಾಡು ಸೇರಿಸಿಕೊಂಡು 'ಮೈ ಫೇರ್ ಲೇಡಿ' ಆಯಿತು.

ಹಾಲಿವುಡ್ಡಿಗೆ ಈ ಗೇಲಿ ಅರ್ಥವಾಗಲಿಲ್ಲವೋ, ಅಥವಾ ಜಾಸ್ತಿಯೇ ಅರ್ಥವಾಯಿತೋ, ಹೇಳೋದು ಕಷ್ಟ. ಏಕೆಂದರೆ ಸಿನಿಮಾದವರು ಹಿಗ್ಗಿನ್ಸ್‌ನ ಪಾಠವನ್ನು ತಮ್ಮ ನಾಯಕಿಯ ಮೇಲೇ ಪ್ರಯೋಗಿಸಿದರು.

ನಿರ್ಮಾಪಕ ಜ್ಯಾಕ್ ವಾರ್ನರ್ ಹಕ್ಕು ಕೊಳ್ಳಲು ಸುರಿದದ್ದು 55 ಲಕ್ಷ ಡಾಲರ್. ನಾಟಕದಲ್ಲಿ ಎಲೈಜಾ ಆಗಿ ಹಾಡಿ ಹೆಸರು ಮಾಡಿದ್ದವರು ಜೂಲಿ ಆಂಡ್ರ್ಯೂಸ್. ಆಕೆಯೇ ಸಿನಿಮಾದಲ್ಲೂ ಇರಬೇಕಲ್ವಾ? ಇಲ್ಲ. ಆಕೆ ಆವರೆಗೆ ಸಿನಿಮಾ ಮಾಡಿರಲಿಲ್ಲ, ಸಣ್ಣ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಪಕ್ಕಕ್ಕಿಟ್ಟು, 10 ಲಕ್ಷ ಡಾಲರ್ ಕೊಟ್ಟು ಆಡ್ರೆ ಹೆಪ್‌ಬರ್ನ್‌ರನ್ನು ತಂದರು. ಮದುವೆಗೆ ಅಷ್ಟು ಖರ್ಚು ಮಾಡಿ, ಓಲಗದವರನ್ನು ಮಾತ್ರ ಬೇಡ ಅಂದ ಹಾಗೆ.

ಹೆಪ್‌ಬರ್ನ್ ಪಾಪ, ಶ್ರದ್ಧೆಯಿಂದ ಅಭ್ಯಾಸ ಮಾಡಿ ಹಾಡುಗಳನ್ನು ರೆಕಾರ್ಡ್ ಮಾಡಿದರು. ಆಮೇಲೆ ಗೊತ್ತಾಯಿತು, ಹೆಚ್ಚುಕಮ್ಮಿ ಎಲ್ಲವನ್ನೂ ಮಾರ್ನಿ ನಿಕ್ಸನ್ ಎಂಬ ಗಾಯಕಿಯ ಕೈಲಿ ಹಾಡಿಸುತ್ತಿದ್ದಾರೆ ಅಂತ. ಸೆಟ್ಟಿನಿಂದ ಎದ್ದು ಹೋದರು. ಮಾರನೇ ದಿನ ಬಂದು ಕ್ಷಮೆ ಕೇಳಿದವರೂ ಅವರೇ. ದನಿ ಕಳೆದುಕೊಂಡವರೇ ಕ್ಷಮೆ ಕೇಳಬೇಕು, ಅದು ಪದ್ಧತಿ.

ಈಗ ನಾಯಕನ ಕಡೆ ಬನ್ನಿ. ಹಿಗ್ಗಿನ್ಸ್ ಪಾತ್ರದ ರೆಕ್ಸ್ ಹ್ಯಾರಿಸನ್‌ಗೆ ಹಾಡಲು ಬರುತ್ತಿರಲಿಲ್ಲ. ಇದೇನು ಗುಟ್ಟಲ್ಲ. ಮಾತಿಗೆ ಒಂದಿಷ್ಟು ತಾಳ ಸೇರಿಸಿ ಒಪ್ಪಿಸುತ್ತಿದ್ದರು, ಅಷ್ಟೇ. ಮೊದಲೇ ರೆಕಾರ್ಡ್ ಮಾಡಿ ಆಮೇಲೆ ತುಟಿ ಆಡಿಸೋದು ನನ್ನಿಂದಾಗದು, ಒಮ್ಮೆ ಹೇಳಿದ ಹಾಗೆ ಇನ್ನೊಮ್ಮೆ ಹೇಳುವವನಲ್ಲ ನಾನು ಅಂದರು. ಯಜಮಾನರು ಮುನಿದರೆ ಹೇಗೆ? ತಕ್ಷಣ ತಂತಿಯಿಲ್ಲದ ಮೈಕು ಸಿದ್ಧವಾಯಿತು. ಬಚ್ಚಿಟ್ಟದ್ದು ಅವರ ಟೈ ಒಳಗೆ! ಸಿನಿಮಾ ನೋಡುವಾಗ ಆ ಟೈಗಳ ಮೇಲೆ ಒಂದು ಕಣ್ಣಿಡಿ, ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ.

ಹಾಡಲು ಬಾರದ ಗಂಡಸಿನ ದನಿ ಉಳಿಸಲು ಹೊಸ ಯಂತ್ರ. ತಕ್ಕಮಟ್ಟಿಗೆ ಹಾಡುವ ಹೆಂಗಸಿಗೆ ಬಾಡಿಗೆ ಗಂಟಲು.

ಆ ಬಾಡಿಗೆ ಗಂಟಲಿನ ಗತಿ? ಪರದೆಯ ಮೇಲೆ ನಿಕ್ಸನ್ ಹೆಸರೇ ಇಲ್ಲ. ಆಕೆಗೆ ಇದು ಹೊಸತೂ ಅಲ್ಲ. ಡೆಬೊರಾ ಕೆರ್, ನಟಾಲಿ ವುಡ್ ತುಟಿಗಳ ಹಿಂದೆ ಹಾಡಿದ್ದೂ ಆಕೆಯೇ, ಅಲ್ಲೂ ಹೆಸರು ನಾಪತ್ತೆ. ನಮ್ಮವರಿಗೆ ಇದು ತಲೆಬುಡ ತಿಳಿಯದ ವಿಷಯ. ರಾಜ್‌ಕುಮಾರ್ ತುಟಿಗೆ ಪಿ.ಬಿ. ಶ್ರೀನಿವಾಸ್ ದನಿ ಕೂತರೆ ಇಲ್ಲಿ ಯಾರಿಗೂ ಮುಜುಗರವಿರಲಿಲ್ಲ. ರೇಡಿಯೋದವರು ಹೆಸರು ಹೇಳಿಯೇ ಹಾಡು ಹಾಕುತ್ತಿದ್ದರು. ಅಲ್ಲಿ ಮಾತ್ರ ಹಿನ್ನೆಲೆ ಗಾಯಕಿ ಅಂದರೆ ಕಪಾಟಿನೊಳಗಿನ ಕಳ್ಳಿ.

1965ರ ಆಸ್ಕರ್ ರಾತ್ರಿ ನೋಡಬೇಕು. 'ಮೈ ಫೇರ್ ಲೇಡಿ'ಗೆ ಎಂಟು ಪ್ರಶಸ್ತಿ. ಹ್ಯಾರಿಸನ್ ಅತ್ಯುತ್ತಮ ನಟ. ಅತ್ಯುತ್ತಮ ಧ್ವನಿಗೂ ಒಂದು ಬಂತು, ಸುಮ್ನೆ ಹೇಳ್ತಿಲ್ಲ! ಹೆಪ್‌ಬರ್ನ್ ಹೆಸರು ಮಾತ್ರ ನಾಮನಿರ್ದೇಶನದ ಪಟ್ಟಿಯಲ್ಲೂ ಇರಲಿಲ್ಲ. ಆದರೂ ಹ್ಯಾರಿಸನ್ ಕೈಗೆ ಬೊಂಬೆ ಕೊಡಲು ವೇದಿಕೆಗೆ ಕರೆದದ್ದು ಆಕೆಯನ್ನೇ. ಅತ್ಯುತ್ತಮ ನಟಿ ಯಾರು? ಜೂಲಿ ಆಂಡ್ರ್ಯೂಸ್. ಎಲೈಜಾ ಪಾತ್ರ ಕೈತಪ್ಪಿದ್ದರಿಂದ ಬಿಡುವಾಗಿ ಮಾಡಿದ ಮೊದಲ ಸಿನಿಮಾ 'ಮೇರಿ ಪಾಪಿನ್ಸ್'ಗೆ. ಅದಕ್ಕೂ ಮೊದಲು ಗೋಲ್ಡನ್ ಗ್ಲೋಬ್ ಪಡೆದಾಗ ಆಕೆ, ಇದೆಲ್ಲ ಸಾಧ್ಯವಾಗಿಸಿದ್ದಕ್ಕೆ ಜ್ಯಾಕ್ ವಾರ್ನರ್‌ಗೇ ನಗುನಗುತ್ತಾ ಥ್ಯಾಂಕ್ಸ್ ಹೇಳಿದ್ದರು.

ಅದೇ ವರ್ಷ 'ದ ಸೌಂಡ್ ಆಫ್ ಮ್ಯೂಸಿಕ್'ನಲ್ಲಿ ನಿಕ್ಸನ್ ಮುಖ ಕೊನೆಗೂ ಪರದೆಯ ಮೇಲೆ ಕಾಣಿಸಿತು. ಪಾತ್ರ ಒಬ್ಬ ಸನ್ಯಾಸಿನಿಯದು. ಕೂದಲಿಂದ ಗಲ್ಲದವರೆಗೆ ಬಟ್ಟೆ ಸುತ್ತಿ ಮುಖವಷ್ಟೇ ಹೊರಗೆ ಬಿಟ್ಟಿದ್ದರು. ನಾಯಕಿ ಜೂಲಿ ಆಂಡ್ರ್ಯೂಸ್. ಆಕೆಗೆ ಗಂಟಲು ಬಾಡಿಗೆಗೆ ಬೇಕಿರಲಿಲ್ಲ.