ಶ್! ಹಕ್ಕಿ ಇದೆ

ಇವತ್ತು ಬೆಳಗಿನ ಜಾವ ಐದೂವರೆಗೆ ನನ್ನ ಫೋನು 'ಕುಟ್ರೂ... ಕುಟ್ರೂ...' ಅಂತ ಕೂಗಿತು. ಗಾಬರಿಯಾಗಿ ಎದ್ದು ನೋಡಿದರೆ 'ಇಂದಿನ ನಿಮ್ಮ ಹಕ್ಕಿ' ಅಂತ ಒಂದು ಹಸಿರು ಕುಟ್ರುಹಕ್ಕಿಯ ಚಿತ್ರ. ನನಗೆ ಯಾವ ಹಕ್ಕಿಯೂ ಬೇಕಿರಲಿಲ್ಲ. ಇನ್ನರ್ಧ ಗಂಟೆ ನಿದ್ದೆ ಬೇಕಿತ್ತು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಕಣ್ಣು ಬಿಡದೆ, "ಅದನ್ನ ತೆಗೀರಿ ಅಂತ ಭಾನುವಾರದಿಂದ ಬಡ್ಕೋತಿದೀನಿ" ಅಂದಳು.

ತೆಗೆಯೋಕೆ ನನಗೆ ಬರಬೇಕಲ್ಲ? ಫೋನಿಗೆ ಅದನ್ನು ಹಾಕಿಕೊಟ್ಟವರು ನಮ್ಮ ಭಾವ. ದಿನಾ ಬೆಳಗ್ಗೆ ಒಂದು ಹಕ್ಕಿ ಕೂಗುತ್ತೆ. ತೆರೆದು ಪೂರ್ತಿ ಓದದಿದ್ದರೆ ಗಂಟೆಗೊಂದು ಸಲ ಮತ್ತೆ ಕೂಗುತ್ತೆ. ತೆಗೆಯೋದು ಹೇಗೆ ಅಂತ ಭಾವನಿಗೇ ಫೋನ್ ಮಾಡಿ ಕೇಳಬಹುದು. ಆದರೆ ಫೋನ್ ಮಾಡಿದರೆ ಹಕ್ಕಿ ವಿಷಯ ಶುರುವಾಗುತ್ತೆ. ಅದಕ್ಕಿಂತ ಕುಟ್ರುಹಕ್ಕಿಯೇ ವಾಸಿ.

ಮೈಸೂರಿನಲ್ಲಿ ಮನೆ ಮಾಡಿಕೊಂಡವರಿಗೆ ಭಾನುವಾರ ಅನ್ನೋದು ಇಲ್ಲ. ಅದು ಇರೋದು ಬೆಂಗಳೂರಿನ ನೆಂಟರಿಗೆ. ಮೊದಲೆಲ್ಲ ಅವರು ಬಿಡದಿಯಲ್ಲಿ ಒಮ್ಮೆ, ಚನ್ನಪಟ್ಟಣದಲ್ಲಿ ಒಮ್ಮೆ, ಮಂಡ್ಯದಲ್ಲಿ ಮತ್ತೊಮ್ಮೆ ಟ್ರಾಫಿಕ್‌ಗೆ ಸಿಕ್ಕಿ, ಮದ್ದೂರಲ್ಲಿ ವಡೆ ತಿಂದು, ಇಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಿದ್ದರು. ಎರಡು ಸಲ ಬರುವ ಉತ್ಸಾಹ ಉಳಿಯುತ್ತಿರಲಿಲ್ಲ. 2023ರಲ್ಲಿ ಹೊಸ ಹೆದ್ದಾರಿ ಆಯಿತು ನೋಡಿ, ಅಲ್ಲಿಗೆ ಮುಗಿಯಿತು. ಈಗ ಹತ್ತು ಗಂಟೆಗೆ ಫೋನ್ ಮಾಡಿ "ಊಟಕ್ಕೆ ಅಲ್ಲೇ ಬರ್ತೀವಿ, ಜಾಸ್ತಿ ಏನೂ ಮಾಡ್ಬೇಡಿ" ಅನ್ನುತ್ತಾರೆ. ಅನ್ನಕ್ಕೆ ಇಟ್ಟು ಮುಗಿಯುವಷ್ಟರಲ್ಲಿ ಗೇಟಿನ ಮುಂದೆ ಕಾರು.

ಬಂದವರಿಗೆ ಊರು ತೋರಿಸಬೇಕು. 1892ರಿಂದ ನಡೆಯುತ್ತಿರುವ ನಮ್ಮ ಮೃಗಾಲಯಕ್ಕೆ ನಾನು ಎಷ್ಟು ಸಲ ಹೋಗಿದ್ದೇನೆ ಅಂದರೆ, ಅಲ್ಲಿನ ಜಿರಾಫೆ ನನ್ನ ಕಡೆ ನೋಡುವ ನೋಟದಲ್ಲಿ 'ಪಾಪ, ಇವತ್ತು ಯಾರು?' ಅನ್ನೋ ಕನಿಕರ ಇದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೀವಿ ಅಂತ ಹಟ ಹಿಡಿದು, ಇನ್ನೂರನೇ ಮೆಟ್ಟಿಲಲ್ಲಿ "ಕಾರು ಮೇಲಕ್ಕೇ ಹೋಗುತ್ತಲ್ವಾ?" ಎಂದು ಕೇಳಿದ ನೆಂಟರಿದ್ದಾರೆ. ಮೃಗಾಲಯಕ್ಕೂ ಕಾರಂಜಿ ಕೆರೆಗೂ ಮಂಗಳವಾರ ರಜೆ. ನಮಗೆ ಆ ರಜೆಯೂ ಇಲ್ಲ.

ಇಷ್ಟಕ್ಕೂ ಅವರೆಲ್ಲ ಸಾಮಾನ್ಯ ನೆಂಟರು. ನಮ್ಮ ಭಾವ ಬೇರೆ ಜಾತಿ.

ಭಾವ ಹೋದ ವರ್ಷ ರಿಟೈರ್ ಆದರು. ಮೊದಲ ಮೂರು ತಿಂಗಳು ಸಿರಿಧಾನ್ಯ ಹಿಡಿದರು. ಅಕ್ಕ ನವಣೆ ಬೇಯಿಸಿ ಬೇಯಿಸಿ ಸೋತಳು. ಆಮೇಲೆ ಹಕ್ಕಿ ಬಂತು. ಈಗ ಅವರ ಕುತ್ತಿಗೆಯಲ್ಲಿ ಬೈನಾಕ್ಯುಲರ್, ತಲೆ ಮೇಲೆ ಎಲೆ ಬಣ್ಣದ ಟೋಪಿ, ಮೈಮೇಲೆ ಹನ್ನೊಂದು ಜೇಬಿನ ಅಂಗಿ. ಹನ್ನೊಂದರಲ್ಲಿ ಹತ್ತು ಖಾಲಿ. ಒಂದರಲ್ಲಿ ಕೋಡುಬಳೆ. ಇದರ ಜೊತೆಗೆ ಆ ಆ್ಯಪು. ಫೋನನ್ನು ಮೇಲೆ ಹಿಡಿದರೆ ಸುತ್ತಲಿನ ಶಬ್ದ ಕೇಳಿಸಿಕೊಂಡು ಇಂಥ ಹಕ್ಕಿ ಅಂತ ಹೆಸರು ಹೇಳುತ್ತೆ. ಅದಕ್ಕೆ ಸರಿಯಾಗಿ ಕೇಳಿಸಬೇಕಾದರೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು.

ಅಲ್ಲೇ ಶುರುವಾಗಿದ್ದು ಈ 'ಶ್'.

ಭಾವನ 'ಶ್' ಬಗ್ಗೆ ಸ್ವಲ್ಪ ಹೇಳಲೇಬೇಕು. ನಡೆಯುತ್ತಾ ನಡೆಯುತ್ತಾ ಅವರು ಇದ್ದಕ್ಕಿದ್ದಂತೆ ನಿಲ್ಲುತ್ತಾರೆ. ಹಿಂದೆ ಬರುತ್ತಿದ್ದವರು ಬಂದು ಅವರ ಬೆನ್ನಿಗೆ ಗುದ್ದಿಕೊಳ್ಳುತ್ತಾರೆ. ಎಡಗೈ ಟ್ರಾಫಿಕ್ ಪೊಲೀಸನ ಹಾಗೆ ಮೇಲೇಳುತ್ತೆ. ಕಣ್ಣು ಅರ್ಧ ಮುಚ್ಚುತ್ತೆ. ಆಮೇಲೆ ಬರುತ್ತೆ ಆ ಶಬ್ದ. ಕುಕ್ಕರ್ ವಿಶಲ್ ಹಾಕುವ ಮುಂಚೆ ಒಂದು ಸಲ ಬುಸುಗುಡುತ್ತಲ್ಲ, ಅದೇ. ಪೊದೆಯಲ್ಲಿ ಹಕ್ಕಿ ಏನಾದರೂ ಇದ್ದರೆ ಅದು ಹಾರಿಹೋಗುವುದು ನಮ್ಮ ಮಾತಿಗಲ್ಲ, ಈ ಬುಸುಗುಡುವಿಕೆಗೆ. ಇದನ್ನು ಅವರಿಗೆ ಹೇಳಲು ಹೋದೆ. "ಭಾವ, ಹಕ್ಕಿ..." ಅಂದೆ ಅಷ್ಟೇ. "ಶ್!" ಅಂದರು.

ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಕುಕ್ಕರಹಳ್ಳಿ ಕೆರೆ ಏರಿ ಮೇಲಿದ್ದೆವು. "1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು" ಅಂತ ಭಾವ ಫೋನು ನೋಡಿಕೊಂಡು, ಇಪ್ಪತ್ತು ವರ್ಷದಿಂದ ದಿನಾ ಅದೇ ಏರಿ ಮೇಲೆ ನಡೆಯುವ ನನಗೆ ಹೇಳಿದರು. ಕುವೆಂಪು ಅವರು ಇಲ್ಲಿ ಓಡಾಡುತ್ತಿದ್ದರಂತೆ ಅಂತಲೂ ಹೇಳಿದರು. ಹೌದು ಭಾವ ಅಂದೆ. ನೀರಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ದೂರದಲ್ಲಿ ಎರಡು ಹೆಜ್ಜಾರ್ಲೆ ಸುಮ್ನೆ ತೇಲುತ್ತಿದ್ದವು, ಆಫೀಸಿಗೆ ಬೇಗ ಬಂದು ಕೆಲಸವಿಲ್ಲದೆ ಕೂತ ಸಾಹೇಬರ ಹಾಗೆ. ನೋಡುತ್ತಾ ನಿಲ್ಲೋಣ ಅನ್ನಿಸಿತು. ಆದರೆ ಅವು ಕೂಗುತ್ತಿರಲಿಲ್ಲ. ಕೂಗದ ಹಕ್ಕಿ ಭಾವನ ಲೆಕ್ಕದಲ್ಲಿ ಹಕ್ಕಿಯಲ್ಲ. ಮುಂದೆ ನಡೆಸಿದರು.

ಹಿಂದೆ ಅಕ್ಕ ನನ್ನ ಹೆಂಡತಿಗೆ ತಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯ ಸೊಸೆಯ ವಿಷಯ ಹೇಳುತ್ತಿದ್ದಳು. ವಿಷಯ ಒಳ್ಳೆ ಘಟ್ಟಕ್ಕೆ ಬಂದಿತ್ತು. ನಾನೂ ಒಂದು ಕಿವಿ ಇಟ್ಟಿದ್ದೆ. ಭಾವ ನಿಂತರು. ಕೈ ಎದ್ದಿತು. "ಶ್!" ಫೋನು ನೋಡಿದರು. ಮುಖ ಅರಳಿತು. "ಜಂಗಲ್ ಬ್ಯಾಬ್ಲರ್!"

ಜಂಗಲ್ ಬ್ಯಾಬ್ಲರ್‌ಗೆ ಕನ್ನಡದಲ್ಲಿ ಹರಟೆಮಲ್ಲ ಅಂತಾರೆ. ಪೊದೆಯಲ್ಲಿ ನಿಜವಾಗಿಯೂ ಹರಟೆಮಲ್ಲ ಇತ್ತೋ, ಆ್ಯಪಿಗೆ ನಮ್ಮ ಅಕ್ಕನ ಮಾತು ಕೇಳಿಸಿತೋ, ದೇವರಿಗೇ ಗೊತ್ತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ತಡೆಯಲಾಗದೆ ಕನ್ನಡದ ಹೆಸರು ಹೇಳಿಬಿಟ್ಟೆ. ಅಕ್ಕ ಆಮೇಲೆ ತಿಂಡಿಯವರೆಗೂ ಮಾತಾಡಲಿಲ್ಲ. ಸೊಸೆ ಕೊನೆಗೆ ಮನೆ ಬಿಟ್ಟು ಹೋದಳಾ ಇಲ್ಲವಾ ಅನ್ನೋದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇನ್ನೊಂದು ತಿರುವು ದಾಟಿದರೆ ನಮ್ಮ ನಗೆಕೂಟದವರ ಜಾಗ. ಹನ್ನೆರಡು ಜನ. ಎಲ್ಲ ಅರವತ್ತೈದು ದಾಟಿದವರು. ಮಂಕಿಕ್ಯಾಪು, ಮಫ್ಲರು, ಬಿಳಿ ಶೂ. ದಿನಾ ಆರೂಕಾಲಿಗೆ ವೃತ್ತಾಕಾರದಲ್ಲಿ ನಿಂತು, ಎರಡೂ ಕೈ ಮೇಲೆತ್ತಿ "ಹಾ ಹಾ ಹಾ, ಹೋ ಹೋ ಹೋ" ಅಂತ ಅರ್ಧ ಗಂಟೆ ನಗುತ್ತಾರೆ. ನಡುವೆ ನಿಂತು ನಗಿಸುವವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಗುವುದನ್ನೂ ಅವರು ಕವಾಯತಿನ ಹಾಗೆಯೇ ಮಾಡಿಸುತ್ತಾರೆ. "ಒಂದು, ಎರಡು, ಮೂರು, ನಗಿ!"

ಅವರ ಪಕ್ಕದ ಮರದಲ್ಲಿ ಏನೋ ಒಂದು ಕೂಗಿತಂತೆ. ಭಾವ ನೆಟ್ಟಗೆ ವೃತ್ತದ ಹತ್ತಿರ ಹೋದರು. ನಾನು ಅಂಗಿ ಹಿಡಿದು ಎಳೆಯಲು ನೋಡಿದೆ. ಕೈಗೆ ಕೋಡುಬಳೆ ಜೇಬು ಸಿಕ್ಕಿತು, ಭಾವ ಸಿಗಲಿಲ್ಲ. ಹನ್ನೆರಡು ಜನ ಹಿರಿಯರು 'ಹೋ ಹೋ' ಅನ್ನುತ್ತಿದ್ದಾಗ ನಮ್ಮ ಭಾವ ಬೆರಳು ತುಟಿಗಿಟ್ಟು, ಮೈ ಪೂರ್ತಿ ಮುಂದಕ್ಕೆ ಬಾಗಿಸಿ, ಅವತ್ತಿನ ಅತಿ ಉದ್ದದ 'ಶ್' ಬಿಟ್ಟರು.

ನಗು ನಿಂತಿತು. ಎತ್ತಿದ ಇಪ್ಪತ್ನಾಲ್ಕು ಕೈ ಎತ್ತಿದಲ್ಲೇ ನಿಂತವು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಏಕೆಂದರೆ ಭಾವ ಸಂಜೆ ಬೆಂಗಳೂರಿಗೆ ಹೋಗುತ್ತಾರೆ. ಇವರ ಮುಖ ನಾನು ನಾಳೆಯೂ ನೋಡಬೇಕು.

ಮೇಷ್ಟ್ರು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಟೋಪಿ ನೋಡಿದರು. ಹನ್ನೊಂದು ಜೇಬು ನೋಡಿದರು. ಬಗ್ಗಿದ ಸೊಂಟ, ತುಟಿ ಮೇಲಿನ ಬೆರಳು ನೋಡಿದರು. ಆಮೇಲೆ ತಮ್ಮವರ ಕಡೆ ತಿರುಗಿ, "ಬೆಂಗಳೂರಿನವರು ಹೊಸದೊಂದು ತೋರಿಸ್ತಿದಾರೆ. ಎಲ್ಲರೂ ಮಾಡಿ" ಅಂದರು.

ಹನ್ನೆರಡು ಜನ ಬಗ್ಗಿದರು. ಹನ್ನೆರಡು ಬೆರಳು ತುಟಿಗೆ ಹೋದವು. "ಶ್‌ಶ್‌ಶ್‌ಶ್‌..." ಕೆರೆ ಏರಿಗೇ ಪಂಕ್ಚರ್ ಆದಂಗೆ ಕೇಳಿಸಿತು. ಮೇಷ್ಟ್ರು "ಈಗ ನಗಿ!" ಅಂದದ್ದೇ ತಡ, ಮಂಕಿಕ್ಯಾಪಿನೊಳಗಿಂದ ಅಂಥ ನಗು ಹೊರಟಿತು ಅಂದರೆ, ಮರದಲ್ಲಿದ್ದ ಬೆಳ್ಳಕ್ಕಿಯೆಲ್ಲ ಒಟ್ಟಿಗೆ ಎದ್ದು ಹೋದವು. ಇಷ್ಟು ವರ್ಷದಲ್ಲಿ ಅವರು ನಿಜವಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಮಾತು ಬಿಟ್ಟಿದ್ದವಳು ಸೆರಗು ಬಾಯಿಗೆ ತುರುಕಿಕೊಂಡಳು. ಭಾವ ಮಾತ್ರ ನಗಲಿಲ್ಲ. ಆ್ಯಪಿಗೆ ಏನೂ ಕೇಳಿಸಲಿಲ್ಲ ಅಂದರು.

ತಿಂಡಿ ತಿಂದು ರಂಗನತಿಟ್ಟಿಗೆ ಹೊರಟೆವು. ಕಾರಿನಲ್ಲಿ ಭಾವ ಓದಿ ಹೇಳಿದ ವಿಷಯ: ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಒಡೆಯರ ಕಾಲದಲ್ಲಿ, 1940ರಲ್ಲಿ ಇದು ಪಕ್ಷಿಧಾಮ ಆಯಿತು, 2022ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಗಾಡಿ ಓಡಿಸುತ್ತಾ "ಎಡಕ್ಕಾ, ನೇರಾನಾ?" ಅಂತ ಕೇಳಿದಾಗೆಲ್ಲ ದಾರಿ ತೋರಿಸಬೇಕಾದ ಫೋನಿನಲ್ಲಿ ಸಲೀಂ ಅಲಿ ಇದ್ದರು.

ದೋಣಿಗೆ ಉದ್ದ ಸಾಲು. ಮುಂದೆ ಒಂದು ಮಗು ಐಸ್‌ಕ್ರೀಮಿಗಾಗಿ ಅಳುತ್ತಿತ್ತು. ಭಾವ ಅದಕ್ಕೂ 'ಶ್' ಅಂದರು. ಅದು ಇನ್ನೂ ಜೋರಾಗಿ ಅತ್ತಿತು. ನಾವು ಅವರ ಜೊತೆ ಬಂದವರಲ್ಲ ಅನ್ನೋ ಹಾಗೆ ನಾನೂ ನನ್ನ ಹೆಂಡತಿಯೂ ಕಾವೇರಿ ಕಡೆ ಮುಖ ಮಾಡಿ ನಿಂತೆವು.

ದೋಣಿ ಹೊರಟಿತು. ನಡುಗಡ್ಡೆಯ ಮರದ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು. ಇನ್ನೊಂದು ಮರದಲ್ಲಿ ತಲೆಕೆಳಗಾಗಿ ಬಾವಲಿ, ಕೊಡೆ ಒಣಗಲು ಹಾಕಿದ ಹಾಗೆ. ನೂರಾರು ಹಕ್ಕಿ. ಭಾವ ಫೋನು ಎತ್ತಿ ಹಿಡಿದರು. ಐದು ನಿಮಿಷ ಹಿಡಿದರು. ಆ್ಯಪು ತೆಪ್ಪಗಿತ್ತು.

"ಸಾರ್, ಆ ಕೊಕ್ಕರೆಗೆ ಕೂಗೋಕೆ ಬರಲ್ಲ" ಅಂದ ದೋಣಿಯವನು, ಹುಟ್ಟು ಹಾಕುತ್ತಲೇ. "ಕೊಕ್ಕು ಬಡಿಯುತ್ತೆ, ಅಷ್ಟೇ. ಕೈ ಒಳಗೆ ಇಟ್ಕೊಳಿ. ಅಲ್ಲಿ ನೋಡಿ." ಅಲ್ಲಿ ಬಂಡೆ ಮೇಲೆ ಇನ್ನೊಂದು ಬಂಡೆ ಮಲಗಿತ್ತು. ಅದಕ್ಕೆ ಹಲ್ಲಿದ್ದವು. ಭಾವನ ಕೈಯೂ ಫೋನೂ ಒಟ್ಟಿಗೆ ಒಳಗೆ ಬಂದವು. ಭಾವ ಹನ್ನೊಂದರಲ್ಲಿ ಒಂದು ಜೇಬಿನ ಗುಂಡಿ ಬಿಚ್ಚಿ ಫೋನನ್ನು ಒಳಗಿಟ್ಟು, ಮತ್ತೆ ಗುಂಡಿ ಹಾಕಿದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಟ್ಟಿನ ಸದ್ದು, ಗೂಡಿನಲ್ಲಿ ಮರಿಗಳ ಗಲಾಟೆ, ಮೇಲೆ ಕಟಕಟ ಕೊಕ್ಕು. ಭಾವ ಇದ್ದಕ್ಕಿದ್ದಂತೆ, "ನಮ್ಮ ಅಜ್ಜಿ ಮನೆ ಕೊಕ್ಕರೆ ಬೆಳ್ಳೂರಲ್ಲಿತ್ತು, ಗೊತ್ತಾ ನಿಂಗೆ?" ಅಂದರು. ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಭಾವ ಅವರು. ಒಮ್ಮೆಯೂ ಹೇಳಿರಲಿಲ್ಲ.

ಮದ್ದೂರು ತಾಲೂಕಿನ ಆ ಊರಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ಓಡಿಸುವುದಿಲ್ಲ. ಅಜ್ಜಿಯ ಅಂಗಳದ ಹುಣಸೆ ಮರದಲ್ಲೂ ಇದ್ದವಂತೆ. ಬೇಸಿಗೆ ರಜೆಯಲ್ಲಿ ಮರದಿಂದ ಮೀನು ಬೀಳುತ್ತಿತ್ತಂತೆ. ಅಜ್ಜಿ ಬಟ್ಟೆ ಒಣಹಾಕಲು ಹೋಗಬೇಕಾದರೂ ಕೊಡೆ ಬಿಚ್ಚಿಕೊಂಡು ಹೋಗುತ್ತಿದ್ದಳಂತೆ. "ಈಗ ನಮ್ಮ ಒಂಬತ್ತನೇ ಮಹಡಿಗೆ ಬರೋದು ಪಾರಿವಾಳ ಒಂದೇ. ಅದಕ್ಕೂ ಬಲೆ ಹಾಕಿಸಿದೀವಿ" ಅಂದರು ಭಾವ. ಅಕ್ಕ ಅವರ ಟೋಪಿ ಸರಿ ಮಾಡಿದಳು. ಸರಿ ಮಾಡಲು ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ನಾನು ಮೆಲ್ಲಗೆ ಕೇಳಿದೆ. "ಅಲ್ಲಿ ಯಾರಾದ್ರೂ 'ಶ್' ಅಂತಿದ್ರಾ ಭಾವ?"

ಭಾವ ಯೋಚನೆ ಮಾಡಿದರು. "ಎಲ್ಲಿ? ಮರದ ಕೆಳಗೇ ನಮ್ಮಜ್ಜಿ ದಿನಾ ಪಕ್ಕದ ಮನೆಯವಳ ಜೊತೆ ಜಗಳ ಆಡೋಳು. ಊರ ಹಬ್ಬಕ್ಕೆ ತಮಟೆ ಬೇರೆ."

"ಮತ್ತೆ ಹಕ್ಕಿ?"

"ಹಕ್ಕಿ ಅದರ ಪಾಡಿಗೆ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಅಷ್ಟರಲ್ಲಿ ದೋಣಿ ಒಂದು ಕೊಂಬೆಯ ಕೆಳಗೆ ಹೋಯಿತು. ಟೋಪಿಯ ಮೇಲೆ ಟಪ್ ಅಂತ ಬಿತ್ತು. ದೋಣಿಯವನು "ಒಳ್ಳೇದಾಗುತ್ತೆ ಬಿಡಿ ಸಾರ್" ಅಂದ. ಭಾವ ಅವತ್ತು ಮೊದಲ ಸಲ ನಕ್ಕರು. ನಾನೂ ಎಲ್ಲಾ ಸರಿಹೋಯಿತು ಅಂದುಕೊಂಡೆ. ದೋಣಿ ಇಳಿದು ಹತ್ತು ಹೆಜ್ಜೆ ಹೋಗಿಲ್ಲ, ಎಡಗೈ ಎದ್ದಿತು. "ಶ್!"

ಸಂಜೆ ಹೊರಡುವ ಮುಂಚೆ, "ನಿನಗೂ ಇರಲಿ ಅಂತ ಹಾಕಿದೀನಿ" ಎಂದು ನನ್ನ ಫೋನು ವಾಪಸ್ ಕೊಟ್ಟು ಹೋದರು.

ಇವತ್ತು ಹೇಗೂ ನಿದ್ದೆ ಕೆಟ್ಟಿತ್ತು. ಕೆರೆ ಕಡೆ ಹೋದೆ. ಮೂರು ದಿನದಿಂದ ಆ ತಿರುವಿನ ಕಡೆ ಹೋಗದೆ ಹಿಂದಿನಿಂದಲೇ ವಾಪಸ್ ಬರುತ್ತಿದ್ದೆ. ಇವತ್ತು ಧೈರ್ಯ ಮಾಡಿದೆ. ನಗೆಕೂಟದವರು ಕೈ ಮೇಲೆತ್ತಿದ್ದರು. ತಲೆ ತಗ್ಗಿಸಿಕೊಂಡು ಇನ್ನೇನು ದಾಟಿದೆ ಅನ್ನುವಾಗ ಮೇಷ್ಟ್ರು ಗುರುತು ಹಿಡಿದು, "ಏನ್ ಸಾರ್, ನಿಮ್ಮ ಭಾವ ಮತ್ತೆ ಯಾವಾಗ ಬರ್ತಾರೆ?" ಅಂದರು.

ಬಾಯಿ ತೆರೆದೆ. ಸರಿಯಾಗಿ ಆರೂವರೆ. ನನ್ನ ಜೇಬಿನಿಂದ 'ಕುಟ್ರೂ... ಕುಟ್ರೂ...'

ಹನ್ನೆರಡು ಜನ ನನ್ನ ಕಡೆ ಬಗ್ಗಿದರು. ಹನ್ನೆರಡು ಬೆರಳು ತುಟಿಗೆ ಹೋದವು.