ಕೊಲೆ ಚೆನ್ನಾಗಿದೆ, ಪ್ಯಾಕಿಂಗ್ ಸರಿಯಿಲ್ಲ

ಆನ್‌ಲೈನ್ ಅಂಗಡಿಯಲ್ಲಿ ‘ರೆಬೆಕ್ಕಾ’ ಅನ್ನುವ ಇಂಗ್ಲಿಷ್ ಕಾದಂಬರಿಗೆ ಓದುಗ ಮಹಾಶಯರೊಬ್ಬರು ಐದರಲ್ಲಿ ಒಂದೇ ಸ್ಟಾರ್ ಕೊಟ್ಟಿದ್ದಾರೆ. ಕಾರಣ, ಪುಸ್ತಕ ಬಂದ ಡಬ್ಬಿಯ ಮೂಲೆ ಜಜ್ಜಿಹೋಗಿತ್ತಂತೆ. ಅವರ ಕೆಳಗೇ ಇನ್ನೊಬ್ಬರು ಐದಕ್ಕೆ ಐದು ಕೊಟ್ಟಿದ್ದಾರೆ. ಹೇಳಿದ ದಿನಕ್ಕೆ ಸರಿಯಾಗಿ ಬಂತು, ಇನ್ನೂ ಓದಿಲ್ಲ ಅಂತ. ಎರಡನ್ನೂ ಕೂಡಿ ಭಾಗಿಸಿದರೆ ಮೂರು. 1938ರಿಂದ ಇವತ್ತಿನವರೆಗೆ ಅಂಗಡಿಯಿಂದ ಮರೆಯಾಗದ ಪುಸ್ತಕಕ್ಕೆ ತನ್ನ ಯೋಗ್ಯತೆ ಏನು ಅಂತ ಕೊನೆಗೂ ಗೊತ್ತಾಯಿತು.

ಚಿಕ್ಕಮ್ಮನಿಗೆ ಓದೋಕೆ ಕೊಡೋಣ ಅಂತ ಈ ಪುಸ್ತಕ ತರಿಸಲು ಹೊರಟವನು ನಾನು. ಓದುಗರ ಅಭಿಪ್ರಾಯಗಳ ಬಾವಿಗೆ ಬಿದ್ದೆ. ಎರಡು ಗಂಟೆ ಮೇಲೆ ಬರಲಿಲ್ಲ.

ಪ್ರೀತಿಯೂ ಸಸ್ಪೆನ್ಸೂ ಕಲೆಸಿದ ಕಾದಂಬರಿ ಬರೆಯುವವರ ಪಾಡು ಬಿಸಿಬೇಳೆ ಬಾತ್ ಮಾಡುವವರ ಪಾಡೇ. ಒಬ್ಬರಿಗೆ ಅನ್ನ ಜಾಸ್ತಿ, ಒಬ್ಬರಿಗೆ ಬೇಳೆ ಜಾಸ್ತಿ. ಮದುವೆಯಾಗಿ ಇಷ್ಟು ಪುಟ ಆದರೂ ಒಂದು ಹೆಣ ಬೀಳಲಿಲ್ಲ ಅಂತ ಒಬ್ಬರ ಗೋಳು. ನೆಮ್ಮದಿಯಾಗಿ ಪ್ರೀತಿಸಿಕೊಂಡು ಇರೋದು ಬಿಟ್ಟು ಹೆಣ ಯಾಕೆ ಅಂತ ಇನ್ನೊಬ್ಬರದು. ರೆಬೆಕ್ಕಾ ಅಂತ ಹೆಸರಿಟ್ಟು ಆಕೆಯನ್ನು ಒಂದು ಸಲವೂ ತೋರಿಸಿಲ್ಲ, ಇದು ಮೋಸ ಅಂತ ಮತ್ತೊಬ್ಬರು. ಆಕೆ ನಾಯಕನ ಮೊದಲ ಹೆಂಡತಿ, ಕಥೆ ಶುರುವಾಗುವ ಮೊದಲೇ ಸತ್ತಿದ್ದಾಳೆ ಸ್ವಾಮಿ, ಕಥೆಯೇ ಅದು.

ಇಡೀ ಕಥೆ ಹೇಳುವ ಎರಡನೇ ಹೆಂಡತಿಗೆ ಹೆಸರೇ ಇಲ್ಲ. ಲೇಖಕಿ ಡ್ಯಾಫ್ನೆ ಡು ಮೋರಿಯೆಗೆ ಮೊದಲು ಹೆಸರು ಹೊಳೆಯಲಿಲ್ಲವಂತೆ. ಆಮೇಲೆ ಹೆಸರಿಲ್ಲದೆ ಬರೆಯುವುದೇ ಒಂದು ಸವಾಲಾಯಿತಂತೆ. ಇದಕ್ಕೂ ಸ್ಟಾರ್ ಕತ್ತರಿ. ನಾಯಕಿಯ ಹೆಸರು ಪ್ರಿಂಟ್ ಆಗಿಲ್ಲ, ಬೇರೆ ಪ್ರತಿ ಕೊಡಿ ಅಂತ ಯಾರೂ ಕೇಳಿಲ್ಲವಲ್ಲ, ಅದೇ ನಮ್ಮ ಪುಣ್ಯ.

ಎಲ್ಲಕ್ಕಿಂತ ದೊಡ್ಡ ಸಮಾಜಸೇವಕರು ಯಾರು ಅಂದರೆ, ಮೊದಲ ಸಾಲಲ್ಲೇ ಕೊನೆಯ ಅಧ್ಯಾಯ ಹೇಳುವವರು. ನನ್ನ ಹುಡುಗುತನದಲ್ಲಿ ಈ ಕೆಲಸ ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕಗಳ ಅಂಚಿನಲ್ಲಿ ನಡೆಯುತ್ತಿತ್ತು. ದಿನಕ್ಕೆ ಇಷ್ಟು ಪೈಸೆ ಬಾಡಿಗೆ, ಜೊತೆಗೆ ಹಿಂದಿನ ಓದುಗರ ವಿಮರ್ಶೆ ಪುಕ್ಕಟೆ. ಒಂದು ಪತ್ತೇದಾರಿ ಕಾದಂಬರಿಯ ಹದಿನಾಲ್ಕನೇ ಪುಟದಲ್ಲಿ ನೀಲಿ ಪೆನ್ನಲ್ಲಿ ಬರೆದಿತ್ತು: ‘ಅಳಿಯನೇ ಕೊಲೆಗಾರ.’ ಕೆಳಗೆ ಕೆಂಪು ಪೆನ್ನಲ್ಲಿ: ‘ನಿನ್ನ ಮನೆ ಹಾಳಾಗ.’ ನಾನೂ ಮನಸ್ಸಲ್ಲೇ ಕೆಂಪು ಪೆನ್ನಿನವನ ಕಡೆ ಸೇರಿಕೊಂಡೆ. ಸಿಟ್ಟಿನಲ್ಲೇ ಓದಿದೆ. ಅಳಿಯ ಕಾಫಿ ಕುಡಿದರೂ ಅನುಮಾನ, ಕೆಮ್ಮಿದರೂ ಅನುಮಾನ. ಕೊನೆಗೆ ನೋಡಿದರೆ ಕೊಲೆಗಾರ ವಕೀಲ! ನೀಲಿ ಪೆನ್ನಿನವನು ಬೇಕಂತಲೇ ಸುಳ್ಳು ಬರೆದಿದ್ದ. ಕಾದಂಬರಿಕಾರ ಇಟ್ಟಿದ್ದ ಸಸ್ಪೆನ್ಸ್ ಸಾಲದು ಅಂತ ತನ್ನದೊಂದು ಸೇರಿಸಿದ್ದ. ಅವನಂಥ ವಿಮರ್ಶಕರನ್ನು ಆಮೇಲೆ ನಾನು ನೋಡಿಲ್ಲ.

ಇಷ್ಟು ಬೈದು ಈಗ ನಾನೂ ಒಂದು ಗುಟ್ಟು ಬಿಡಬೇಕಾಗಿದೆ. ‘ರೆಬೆಕ್ಕಾ’ ಓದದವರು ಮುಂದಿನ ಪ್ಯಾರಾ ಹಾರಿಸಿ.

ಕಾದಂಬರಿಯಲ್ಲಿ ಗಂಡನೇ ಮೊದಲ ಹೆಂಡತಿಯನ್ನು ಗುಂಡಿಟ್ಟು ಕೊಂದಿರುತ್ತಾನೆ. ಹಿಚ್‌ಕಾಕ್ 1940ರಲ್ಲಿ ಸಿನಿಮಾ ಮಾಡಿದಾಗ ಅದನ್ನು ತೋರಿಸುವಂತಿರಲಿಲ್ಲ. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗಬಾರದು ಅಂತ ಹಾಲಿವುಡ್‌ನ ನೀತಿ ಸಂಹಿತೆ ಹೇಳುತ್ತಿತ್ತು. ಹಾಗಾಗಿ ಸಿನಿಮಾದಲ್ಲಿ ಆಕೆ ಎಡವಿ, ಬಿದ್ದು, ತಲೆಗೆ ಪೆಟ್ಟಾಗಿ ಸತ್ತಳು. ಸಿನಿಮಾಕ್ಕೆ ಆಸ್ಕರ್ ಬಂತು. ಆ ಸಂಹಿತೆ ಯಾವತ್ತೋ ಸತ್ತುಹೋಯಿತು ಅಂದುಕೊಂಡಿದ್ದೆ. ಇಲ್ಲ, ಸಂಬಳವಿಲ್ಲದೆ ಅದನ್ನು ನಡೆಸುವವರು ಮನೆಮನೆಯಲ್ಲೂ ಇದ್ದಾರೆ. ನಾಯಕ ಕೆಟ್ಟವನು, ಒಂದು ಸ್ಟಾರ್. ನಾಯಕಿ ಪುಕ್ಕಲಿ, ಎರಡು ಸ್ಟಾರ್. ಇವರು ಕಾದಂಬರಿ ಓದುತ್ತಿದ್ದಾರೋ ಮನೆಗೆ ಬಾಡಿಗೆದಾರರನ್ನು ಹುಡುಕುತ್ತಿದ್ದಾರೋ?

ಇದನ್ನೆಲ್ಲ ನಮ್ಮ ಸರ್ಕಾರ ಸುಮ್ನೆ ನೋಡುತ್ತಾ ಕೂತಿಲ್ಲ. ಗ್ರಾಹಕರ ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಅಂತ 2022ರಲ್ಲೇ ಒಂದು ಭಾರತೀಯ ಮಾನಕ ಬಂದಿದೆ. ಐಎಸ್ 19000. ಕುಕ್ಕರ್‌ಗೆ ಐಎಸ್ 2347 ಇದೆಯಲ್ಲ, ಅದೇ ವಂಶ. ವ್ಯತ್ಯಾಸ ಒಂದೇ. ಕುಕ್ಕರ್‌ಗೆ ಕಡ್ಡಾಯ, ಅಭಿಪ್ರಾಯದ್ದು ಬಂದಾಗ ಐಚ್ಛಿಕ. ಸಿಡಿದರೆ ಯಾವುದು ಜಾಸ್ತಿ ಅಪಾಯ ಅಂತ ದೆಹಲಿಯವರಿಗೆ ಗೊತ್ತಿರುತ್ತೆ ಬಿಡಿ.

ನಗುವುದು ಇಲ್ಲಿಗೆ ಸಾಕು. 2023ರ ಜೂನ್‌ನಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ತಮ್ಮ ಹೊಸ ಕಾದಂಬರಿಯ ಬಿಡುಗಡೆಯನ್ನೇ ತಡೆದರು. ಪುಸ್ತಕ ಬರಬೇಕಿದ್ದದ್ದು ಮುಂದಿನ ಫೆಬ್ರವರಿಗೆ. ಕಥೆ ರಷ್ಯಾದಲ್ಲಿ ನಡೆಯುತ್ತೆ ಅನ್ನುವುದಕ್ಕೇ ಅಷ್ಟರಲ್ಲಿ ನೂರಾರು ಒಂದು-ಸ್ಟಾರ್‌ಗಳು ಬಿದ್ದಿದ್ದವು. ರಷ್ಯಾದ ದಾಳಿಗೆ ಸಿಕ್ಕ ಉಕ್ರೇನಿನವರ ನೋವು ಸುಳ್ಳಲ್ಲ, ಅದನ್ನು ಹೇಳಿಕೊಳ್ಳುವ ಹಕ್ಕೂ ಅವರಿಗಿದೆ. ಆದರೆ ಸ್ಟಾರ್ ಅಂದರೆ ಓದಿದೆ ಅಂತ ಅರ್ಥ. ಒಂದು ಪುಟವೂ ಕೈಗೆ ಸಿಗದ ಪುಸ್ತಕಕ್ಕೆ ಅಂಕ ಹಾಕುವುದು ಓದುವ ಕೆಲಸಕ್ಕೇ ಮಾಡುವ ಅವಮಾನ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಹೊಸ ಲೇಖಕರೊಬ್ಬರು ಸುಳ್ಳು ಹೆಸರುಗಳಲ್ಲಿ ತಮ್ಮ ಪುಸ್ತಕ ಹೊಗಳಿ, ಬೇರೆಯವರದ್ದಕ್ಕೆ ಒಂದು ಸ್ಟಾರ್ ಹಾಕಿ ಸಿಕ್ಕಿಬಿದ್ದರು. ಪ್ರಕಾಶಕರು ಕೈಬಿಟ್ಟರು. ನಮ್ಮಲ್ಲಿ ಅಷ್ಟು ಕಷ್ಟ ಇಲ್ಲ. ಪುಸ್ತಕ ಬಿಡುಗಡೆಯಾದ ಸಂಜೆಯೇ ಲೇಖಕರ ಫೋನ್ ಬರುತ್ತೆ: ‘ಸಾರ್, ಓದೋದು ನಿಧಾನ ಆದರೂ ಪರವಾಗಿಲ್ಲ, ಐದು ಸ್ಟಾರ್ ಮಾತ್ರ ಇವತ್ತೇ ಹಾಕ್ಬಿಡಿ.’ ನಾನು ಹಾಕಿದ್ದೇನೆ. ಒಂದಲ್ಲ, ಎಷ್ಟೋ ಸಲ. ಆ ಪುಸ್ತಕಗಳಲ್ಲಿ ಕೆಲವು ಇವತ್ತಿಗೂ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇವೆ.

ಚಿಕ್ಕಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿ ರಿಟೈರ್ ಆದವರು. ಪುಸ್ತಕ ಬಂತು, ನಾಲ್ಕು ದಿನದಲ್ಲಿ ಮುಗಿಸಿದರು. ಇದನ್ನೇ ಹಿಂದಿಯಲ್ಲಿ 1964ರಲ್ಲಿ ‘ಕೊಹ್ರಾ’ ಅಂತ ಸಿನಿಮಾ ಮಾಡಿದ್ದರು, ಮನೆ ನೋಡಿಕೊಳ್ಳುವ ಆ ಹೆದರಿಸುವ ಹೆಂಗಸಿನ ಪಾತ್ರ ಲಲಿತಾ ಪವಾರ್ ಮಾಡಿದ್ದು ಅಂದೆ. ‘ಮತ್ತೆ? ಅತ್ತೆ ಇಲ್ಲದ ಮನೆ ಅಲ್ವೇನೋ ಅದು, ಆ ಕೆಲಸ ಯಾರಾದರೂ ಮಾಡಬೇಕಲ್ಲ’ ಅಂದರು. ಹೇಗಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆ ಹುಡುಗಿಗೆ ತವರುಮನೆ ಅಂತ ಒಂದಿದ್ದಿದ್ರೆ ಮೂರನೇ ಅಧ್ಯಾಯಕ್ಕೇ ಕಥೆ ಮುಗೀತಿತ್ತು ಕಣೋ.’

ಎಷ್ಟು ಸ್ಟಾರ್ ಕೊಡ್ತೀರಿ ಚಿಕ್ಕಮ್ಮ ಅಂದೆ.

‘ಯಾಕೆ, ಅದೇನು ಹೋಟೆಲ್ಲಾ?’ ಅಂದವರು, ಪುಸ್ತಕ ಎತ್ತಿ ದಿಂಬಿನ ಕೆಳಗಿಟ್ಟುಕೊಂಡರು. ‘ಇದನ್ನ ವಾಪಸ್ ಕೊಡಬೇಕೇನೋ?’